ಚುಚ್ಚುವುದು ಕೈಗೆ, ಸೊಟ್ಟಗಾಗಿರುವುದು ಮುಖ: ನಡುವೆ ಮಿದುಳು ಏನು ಮಾಡುತ್ತದೆ?

ಬೆಳಿಗ್ಗೆ ಹಲ್ಲುಜ್ಜಿ ಬಾಯಿ ಮುಕ್ಕಳಿಸಲು ಹೋದರೆ ನೀರು ಬಾಯಲ್ಲಿ ನಿಲ್ಲಲೇ ಇಲ್ಲ. ಎಡಗಡೆ ತುಟಿಯ ಮೂಲೆಯಿಂದ ಪಿಚಕ್ಕನೆ ಹೊರಗೆ ಹಾರಿತು. ನಮ್ಮ ಚಿಕ್ಕಪ್ಪ ಇನ್ನೊಂದು ಸಲ ನೋಡಿದರು. ಮತ್ತೆ ಅದೇ. ಕನ್ನಡಿ ಮುಂದೆ ನಿಂತರೆ ಬಾಯಿ ಬಲಗಡೆಗೆ ಎಳೆದುಕೊಂಡಿತ್ತು. ಎಡಗಣ್ಣು ಮುಚ್ಚಲು ಹೋದರೆ ರೆಪ್ಪೆ ಅರ್ಧಕ್ಕೇ ನಿಂತು, ಗುಡ್ಡೆ ಮೇಲಕ್ಕೆ ಹೊರಳಿ, ಬಿಳಿ ಭಾಗ ಮಾತ್ರ ಕಾಣುತ್ತಿತ್ತು. "ಅಯ್ಯೋ, ಲಕ್ವ ಹೊಡೀತಲ್ಲಪ್ಪಾ" ಅಂತ ಚಿಕ್ಕಮ್ಮ ಅಳಲು ಶುರುಮಾಡಿದರು.

ರಾತ್ರಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಬಂದಿದ್ದಕ್ಕೆ ಶೀತಗಾಳಿ ಬಡಿದಿದೆ ಅಂತ ಒಬ್ಬರು. ದೃಷ್ಟಿಯಾಗಿದೆ ಅಂತ ಇನ್ನೊಬ್ಬರು. ಎಣ್ಣೆ, ಕಷಾಯ, ತಾಯತ ಅಂತ ಮೂರು ದಿನ ಕಳೆಯಿತು. ಆ ಮೂರು ದಿನ ಎಷ್ಟು ದುಬಾರಿ ಎಂದು ಮುಂದೆ ಹೇಳುತ್ತೇನೆ. ನಾಲ್ಕನೇ ದಿನ ಡಾಕ್ಟರ ಹತ್ತಿರ ಹೋದರು. ಒಂದೂವರೆ ತಿಂಗಳಾದರೂ ಮುಖ ಅಲುಗಾಡದಿದ್ದಾಗ ಪರಿಚಯದವರು ಅಕ್ಯುಪಂಕ್ಚರ್, ಅಂದರೆ ಚೀನಾದ ಸೂಜಿ ಚಿಕಿತ್ಸೆ, ಮಾಡಿಸಿ ಎಂದರು. ಜೊತೆಗೆ ಹೋದವನು ನಾನೇ.

ಕೂದಲಿಗಿಂತ ಸ್ವಲ್ಪ ದಪ್ಪ, ಅಷ್ಟೇ, ಆ ಸೂಜಿ. ಹುಬ್ಬಿನ ಮೇಲೊಂದು, ತುಟಿಯ ಮೂಲೆಯಲ್ಲೊಂದು, ದವಡೆ ಮೇಲೆ, ಕಿವಿಯ ಹಾಲೆಯ ಹಿಂದೆ. ಇಷ್ಟರವರೆಗೆ ಚಿಕ್ಕಪ್ಪ ಸುಮ್ಮನಿದ್ದರು. ಕೊನೆಗೆ ಸೂಜಿ ಹಾಕುತ್ತಿದ್ದ ಡಾಕ್ಟರ್ ಹುಡುಗಿ ಬಲಗೈ ಹಿಡಿದು ಹೆಬ್ಬೆರಳು, ತೋರುಬೆರಳಿನ ನಡುವಿನ ಮಾಂಸಕ್ಕೆ ಸೂಜಿ ಇಳಿಸಿದಾಗ ಕೇಳೇಬಿಟ್ಟರು: "ಅಲ್ಲಾ ಡಾಕ್ಟ್ರೇ, ಸೊಟ್ಟಗಾಗಿರೋದು ಮುಖ. ಕೈಗ್ಯಾಕೆ ಚುಚ್ತೀರಿ?"

"ಅದು ಮುಖದ್ದೇ ಪಾಯಿಂಟು ಸರ್" ಎಂದು ನಕ್ಕು ಅವರು ಸೂಜಿಯನ್ನು ಬೆರಳಲ್ಲಿ ಹಾಗೇ ತಿರುಗಿಸಿದರು. ಚಿಕ್ಕಪ್ಪ "ಹ್ಞಾಂ" ಎಂದರು. ನೋವಲ್ಲವಂತೆ. ಜೋಮು ಹಿಡಿದ ಹಾಗೆ, ಕೈ ಭಾರವಾದ ಹಾಗೆ, ಏನೋ ಮೊಣಕೈ ಕಡೆಗೆ ಹರಿದ ಹಾಗೆ.

ಚಿಕ್ಕಪ್ಪನ ಪ್ರಶ್ನೆ ಆವತ್ತಿನಿಂದ ನನ್ನ ತಲೆಯಲ್ಲೇ ಕೂತಿದೆ. ಅದಕ್ಕೆ ಉತ್ತರ ಹುಡುಕಿಕೊಂಡು ಹೋದರೆ ಮಿದುಳಿನ ಒಳಗೇ ಹೋಗಬೇಕಾಗುತ್ತದೆ. ಅದಕ್ಕೂ ಮೊದಲು ಮುಖದಲ್ಲಿ ಕೆಟ್ಟಿರುವುದು ಏನು ಎಂದು ನೋಡೋಣ.

ಮೂಳೆಯೊಳಗಿನ ಇಕ್ಕಟ್ಟು

ಮುಖದ ಸ್ನಾಯುಗಳನ್ನು ಆಡಿಸುವ ನರ ಒಂದೊಂದು ಕಡೆಗೆ ಒಂದೊಂದು. ತಲೆಬುರುಡೆಯಿಂದ ಹೊರಡುವ 12 ಜೊತೆ ನರಗಳಲ್ಲಿ ಇದು ಏಳನೆಯದು. ಹುಬ್ಬೇರಿಸುವುದು, ಕಣ್ಣು ಮುಚ್ಚುವುದು, ನಗುವುದು, ಶಿಳ್ಳೆ ಹೊಡೆಯುವುದು ಎಲ್ಲ ಇದರ ಕೆಲಸ. ಮಿದುಳಿನ ಬುಡದಿಂದ ಮುಖಕ್ಕೆ ಬರುವ ಮುಂಚೆ ಇದು ಕಿವಿಯ ಪಕ್ಕದ ಮೂಳೆಯಲ್ಲಿ ಒಂದು ಸಣ್ಣ ಕೊಳವೆಯೊಳಗೆ ತೂರಿಕೊಂಡು ಬರಬೇಕು. ಕೊಳವೆಯ ತೀರಾ ಇಕ್ಕಟ್ಟಾದ ಜಾಗದ ಅಗಲ ಒಂದು ಮಿಲಿಮೀಟರ್ ಕೂಡ ಇಲ್ಲ.

ನರ ಊದಿಕೊಂಡಿತು ಎಂದುಕೊಳ್ಳಿ. ಚರ್ಮದ ಕೆಳಗೆ ಆಗಿದ್ದರೆ ಊದಲು ಜಾಗ ಇರುತ್ತಿತ್ತು. ಮೂಳೆಯೊಳಗೆ ಎಲ್ಲಿಗೆ ಹೋಗಬೇಕು? ತನ್ನನ್ನು ತಾನೇ ಹಿಸುಕಿಕೊಳ್ಳುತ್ತದೆ. ರಕ್ತ ಓಡಾಟ ಕಡಿಮೆಯಾಗುತ್ತದೆ, ಸಂದೇಶ ನಿಲ್ಲುತ್ತದೆ. ತುಟಿಯ ಮೇಲೆ ನೀರುಗುಳ್ಳೆ ತರುವ ಹರ್ಪಿಸ್ ವೈರಸ್ ನರದಲ್ಲಿ ಅಡಗಿದ್ದು ಮತ್ತೆ ಎದ್ದು ಬರುವುದು ಈ ಊತಕ್ಕೆ ಕಾರಣ ಎಂಬ ಅನುಮಾನ ಬಲವಾಗಿದೆ. ಸಕ್ಕರೆ ಕಾಯಿಲೆ ಇರುವವರಲ್ಲಿ, ಗರ್ಭಿಣಿಯರಲ್ಲಿ ಕೊನೆಯ ತಿಂಗಳುಗಳಲ್ಲಿ ಇದು ಸ್ವಲ್ಪ ಜಾಸ್ತಿ. ಸ್ಕಾಟ್ಲೆಂಡಿನ ಸರ್ಜನ್ ಚಾರ್ಲ್ಸ್ ಬೆಲ್ 1821ರಲ್ಲಿ ಈ ನರದ ಬಗ್ಗೆ ಬರೆದರು. ಅದಕ್ಕೇ, ಮುಖದ ಒಂದು ಕಡೆ ಹೀಗೆ ಸೋಲುವ ಈ ಕಾಯಿಲೆಗೆ ಬೆಲ್ಸ್ ಪಾಲ್ಸಿ ಎಂದು ಹೆಸರು. ನಮ್ಮ ಆಯುರ್ವೇದದಲ್ಲಿ ಮುಖ ಸೊಟ್ಟಗಾಗುವುದಕ್ಕೆ ಅರ್ದಿತ ಎಂಬ ಹೆಸರು ಅದಕ್ಕಿಂತ ಎಷ್ಟೋ ಹಿಂದಿನಿಂದಲೂ ಇದೆ.

ಚಿಕ್ಕಮ್ಮ ಹೆದರಿದ್ದ ಲಕ್ವ ಬೇರೆ. ಅದು ಮಿದುಳಿನಲ್ಲೇ ರಕ್ತನಾಳ ಕಟ್ಟಿಕೊಂಡು ಅಥವಾ ಒಡೆದು ಆಗುವುದು. ಎರಡನ್ನೂ ಬೇರೆ ಮಾಡಲು ಹಣೆ ನೋಡಿದರೆ ಒಂದು ಸುಳಿವು ಸಿಗುತ್ತದೆ. ಹಣೆಯ ಸ್ನಾಯುಗಳಿಗೆ ಮಿದುಳಿನ ಎರಡೂ ಅರ್ಧಗಳಿಂದ ಅಪ್ಪಣೆ ಬರುತ್ತದೆ. ಬಾಯಿ, ಕೆನ್ನೆಗೆ ಹೆಚ್ಚಾಗಿ ಎದುರು ಬದಿಯ ಒಂದು ಅರ್ಧದಿಂದ ಮಾತ್ರ. ಹಾಗಾಗಿ ಮಿದುಳಿನ ಒಂದು ಕಡೆ ಕೆಟ್ಟರೆ ಬಾಯಿ ಸೊಟ್ಟಗಾದರೂ ಹಣೆಯಲ್ಲಿ ಗೆರೆ ಮೂಡುತ್ತದೆ. ನರವೇ ಕೆಟ್ಟರೆ ಹಣೆಯೂ ನುಣುಪು, ಗೆರೆಯೇ ಇಲ್ಲ. ಇದನ್ನು ಓದಿ ಮನೆಯಲ್ಲೇ ತೀರ್ಪು ಕೊಡಬೇಡಿ, ದಯವಿಟ್ಟು. ಮುಖ ಸೊಟ್ಟಗಾದ ಕೂಡಲೇ ಆಸ್ಪತ್ರೆಗೆ ಹೋಗುವುದೇ ಸರಿ. ಕೈ ಕಾಲು ಸೋತಿದ್ದರೆ, ಮಾತು ತೊದಲಿದರೆ ಒಂದು ನಿಮಿಷವೂ ಕಾಯಬಾರದು.

ಈಗ ಆ ಮೂರು ದಿನದ ವಿಷಯ. ಸ್ಕಾಟ್ಲೆಂಡಿನಲ್ಲಿ 551 ಬೆಲ್ಸ್ ಪಾಲ್ಸಿ ರೋಗಿಗಳ ಮೇಲೆ ನಡೆದ ದೊಡ್ಡ ಪರೀಕ್ಷೆ 2007ರಲ್ಲಿ ಪ್ರಕಟವಾಯಿತು. ಕಾಯಿಲೆ ಶುರುವಾದ 72 ಗಂಟೆಯೊಳಗೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಸಿಕ್ಕವರಲ್ಲಿ ಒಂಬತ್ತು ತಿಂಗಳಿಗೆ ಶೇ 94.4 ಮಂದಿಗೆ ಮುಖ ಪೂರ್ತಿ ಸರಿಯಾಗಿತ್ತು. ಅದು ಸಿಗದವರಲ್ಲಿ ಶೇ 81.6. ಆ 72 ಗಂಟೆಯನ್ನು ನಾವು ಎಣ್ಣೆ ಸವರುತ್ತಾ ಕಳೆದಿದ್ದೆವು.

ಅಪ್ಪಣೆ ಹೋಯಿತು, ಉತ್ತರ ಬರಲಿಲ್ಲ

ಕೆಟ್ಟಿರುವುದು ಕಿವಿಯ ಪಕ್ಕದ ನರ. ಹಾಗಿದ್ದರೆ ಮಿದುಳನ್ನು ಯಾಕೆ ಎಳೆದು ತರಬೇಕು? ಈ ಪ್ರಶ್ನೆ ನ್ಯಾಯವಾದದ್ದೇ. ಮಿದುಳು ಚೆನ್ನಾಗಿಯೇ ಇದೆಯಲ್ವಾ?

ಚೆನ್ನಾಗಿಯೇನೋ ಇದೆ, ಆದರೆ ಗೊಂದಲದಲ್ಲಿದೆ. ಮುಖದಲ್ಲಿ ಎರಡು ಬೇರೆ ಬೇರೆ ನರಗಳ ಕೆಲಸ ನಡೆಯುತ್ತದೆ. ಆಡಿಸುವುದು ಏಳನೆಯ ನರ. ಚರ್ಮದ ಮೇಲೆ ಮುಟ್ಟಿದ್ದು, ಬಿಸಿ, ತಂಪು, ಎಳೆತ ಇವನ್ನು ತಿಳಿಸುವುದು ಐದನೆಯ ನರ. ಬೆಲ್ಸ್ ಪಾಲ್ಸಿಯಲ್ಲಿ ಏಳನೆಯದು ಮಲಗುತ್ತದೆ, ಐದನೆಯದು ಎಚ್ಚರವಾಗೇ ಇರುತ್ತದೆ. ಚಿಕ್ಕಪ್ಪನ ಕೆನ್ನೆ ಮೇಲೆ ನೊಣ ಕೂತರೆ ಗೊತ್ತಾಗುತ್ತಿತ್ತು. ಕೆನ್ನೆ ಅಲುಗಿಸಿ ಓಡಿಸಲು ಆಗುತ್ತಿರಲಿಲ್ಲ.

ನಾವು ನಗುವಾಗ ಮಿದುಳು ಅಪ್ಪಣೆ ಕಳಿಸಿ ಸುಮ್ಮನಿರುವುದಿಲ್ಲ. ಕೆನ್ನೆ ಎಳೆದ ಸುದ್ದಿ ಚರ್ಮದಿಂದ ವಾಪಸ್ ಬರುತ್ತದೆ ಎಂದು ಕಾಯುತ್ತದೆ. ಕಳಿಸಿದ ಅಪ್ಪಣೆ, ಬಂದ ಸುದ್ದಿ ಎರಡೂ ತಾಳೆಯಾದರೆ ಕೆಲಸ ಮುಗಿಯಿತು. ಬೆಲ್ಸ್ ಪಾಲ್ಸಿ ಆದವರಲ್ಲಿ ಅಪ್ಪಣೆ ಹೋಗುತ್ತದೆ, ಕೆನ್ನೆ ಅಲುಗುವುದಿಲ್ಲ, ಬರಬೇಕಾದ ಸುದ್ದಿ ಬರುವುದಿಲ್ಲ. ತಂತಿ ಸರಿ ಇದೆ, ಸುದ್ದಿ ಮಾತ್ರ ಇಲ್ಲ. ದಿನಕ್ಕೆ ಸಾವಿರ ಸಲ ಹೀಗಾದರೆ ಲೆಕ್ಕ ತಪ್ಪುತ್ತಲೇ ಹೋಗುತ್ತದೆ. ಮಿದುಳು ತನ್ನ ಲೆಕ್ಕದ ಪುಸ್ತಕವನ್ನೇ ತಿದ್ದಲು ಶುರುಮಾಡುತ್ತದೆ.

ಹೇಗೆ ತಿದ್ದುತ್ತದೆ? ಇಲ್ಲಿ ನಮ್ಮ ಹಳ್ಳಿಯವರಿಗೆ ಚೆನ್ನಾಗಿ ಗೊತ್ತಿರುವ ಪದವೊಂದು ಬೇಕು: ಒತ್ತುವರಿ.

ಕೆನಡಾದ ಮಾಂಟ್ರಿಯಲ್‌ನಲ್ಲಿದ್ದ ಸರ್ಜನ್ ವೈಲ್ಡರ್ ಪೆನ್‌ಫೀಲ್ಡ್ 1930ರ ದಶಕದಲ್ಲಿ, ಎಚ್ಚರವಿದ್ದ ರೋಗಿಗಳ ಮಿದುಳಿನ ಮೇಲ್ಮೈಯನ್ನು ಸಣ್ಣ ಕರೆಂಟಿನಿಂದ ಮುಟ್ಟಿ ಯಾವ ಜಾಗ ದೇಹದ ಯಾವ ಭಾಗಕ್ಕೆ ಸೇರಿದ್ದು ಎಂದು ನಕ್ಷೆ ಬರೆದರು. ಆ ನಕ್ಷೆಯಲ್ಲಿ ದೇಹದ ಭಾಗಗಳು ನಮ್ಮ ಮೈಯಲ್ಲಿರುವ ಕ್ರಮದಲ್ಲಿ ಇಲ್ಲ. ಮುಖದ ಪಕ್ಕದ ಹೊಲ ಕುತ್ತಿಗೆಯದ್ದಲ್ಲ. ಕೈಯದ್ದು. ಹೆಬ್ಬೆರಳಿನ ಜಾಗ ಮುಗಿಯುತ್ತಿದ್ದಂತೆ ಮುಖದ ಜಾಗ ಶುರು. ಇಬ್ಬರಿಗೂ ನಡುವೆ ಒಂದೇ ಬದು.

ಮುಖದ ಹೊಲ ಬೀಳುಬಿದ್ದರೆ ಪಕ್ಕದವನು ಸುಮ್ಮನಿರುತ್ತಾನೆಯೇ? ಇಲಿಗಳಲ್ಲಿ ಮೀಸೆ ಆಡಿಸುವ ನರ ಕತ್ತರಿಸಿದಾಗ, ಮಿದುಳಿನಲ್ಲಿ ಮೀಸೆಗೆ ಸೇರಿದ್ದ ಜಾಗವನ್ನು ಕೆಲವೇ ಗಂಟೆಗಳಲ್ಲಿ ಮುಂಗಾಲು ಬಳಸತೊಡಗಿದ್ದನ್ನು 1990ರ ಸುಮಾರಿನಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು. ಮನುಷ್ಯರಲ್ಲೂ ಆಗುತ್ತದೆಯೇ ಎಂದು ಮುಖ ಸೋತವರ ಮಿದುಳನ್ನು ನೋಡಿದ ಅಧ್ಯಯನ 1997ರಲ್ಲಿ ಬಂತು. ಹೌದು, ಅವರಲ್ಲೂ ಕೈಗೆ ಸೇರಿದ ಪ್ರದೇಶ ಮುಖದ ಕಡೆಗೆ ಹಿಗ್ಗಿತ್ತು. ನರ ಕೆಟ್ಟಿದ್ದು ಕಿವಿಯ ಹತ್ತಿರ, ಬದು ಸರಿದಿದ್ದು ಮಿದುಳಿನಲ್ಲಿ.

ಕೈಗೆ ಚುಚ್ಚುವುದು ಯಾಕೆ ಎಂಬುದಕ್ಕೆ ಇದೇ ಉತ್ತರ ಎಂದು ನಿಮಗೂ ಈಗ ಅನಿಸಿರಬೇಕು. ನನಗೂ ಅನಿಸಿತ್ತು. ಸ್ವಲ್ಪ ತಡೆಯಿರಿ.

ಸೇರುವ ಕಣಿವೆ

ಹೆಬ್ಬೆರಳು, ತೋರುಬೆರಳಿನ ನಡುವಿನ ಆ ಜಾಗಕ್ಕೆ ಚೀನಿಯರು ಇಟ್ಟ ಹೆಸರು ಹೆಗು. ಸೇರುವ ಕಣಿವೆ ಎಂಬಂಥ ಅರ್ಥ. ಬೆರಳೆರಡನ್ನೂ ಅಗಲಿಸಿ ನೋಡಿದರೆ ಹೆಸರು ಯಾಕೆ ಬಂತು ಎಂದು ಗೊತ್ತಾಗುತ್ತದೆ. ಮುಖ, ಬಾಯಿಯ ತೊಂದರೆಗೆ ಹೆಗು ಎಂದು ಅವರಲ್ಲಿ ಬಾಯಿಪಾಠದ ಪದ್ಯವೇ ಇದೆ. ಪೆನ್‌ಫೀಲ್ಡ್ ನಕ್ಷೆಗೆ ಶತಮಾನಗಳ ಹಿಂದಿನದು ಅದು.

ಈ ವಿದ್ಯೆ ನಮ್ಮ ದೇಶಕ್ಕೆ ಬಂದದ್ದೂ ಒಂದು ಕಥೆ. ಜಪಾನ್ ಜೊತೆ ಯುದ್ಧದಲ್ಲಿದ್ದ ಚೀನಾಕ್ಕೆ 1938ರಲ್ಲಿ ಭಾರತದಿಂದ ಐವರು ಡಾಕ್ಟರುಗಳ ತಂಡ ಹೋಗಿತ್ತು. ನಮ್ಮ ಗಡಿಯಾಚೆಯ ಸೊಲ್ಲಾಪುರದ ದ್ವಾರಕಾನಾಥ ಕೋಟ್ನಿಸ್ ಅದರಲ್ಲಿ ಒಬ್ಬರು. ಅವರು 1942ರಲ್ಲಿ ಅಲ್ಲೇ ತೀರಿಕೊಂಡರು. ಅದೇ ತಂಡದ ಬಿ.ಕೆ. ಬಸು 1950ರ ದಶಕದ ಕೊನೆಗೆ ಮತ್ತೆ ಚೀನಾಕ್ಕೆ ಹೋಗಿ ಸೂಜಿ ಚಿಕಿತ್ಸೆ ಕಲಿತು ಕೋಲ್ಕತ್ತಾದಲ್ಲಿ ಶುರುಮಾಡಿದರು. ಕರ್ನಾಟಕದಲ್ಲಿ ಈಗ ಬಹಳ ಜನ ಇದನ್ನು ಕಾಣುವುದು ಪ್ರಕೃತಿ ಚಿಕಿತ್ಸೆಯ ಆಸ್ಪತ್ರೆಗಳಲ್ಲಿ.

ಸೂಜಿ ಒಳಗೆ ಹೋದ ಮೇಲೆ ಆಗುವುದೇನು? ಚರ್ಮದಲ್ಲಿ, ಸ್ನಾಯುವಿನಲ್ಲಿ ಇರುವ ನರದ ತುದಿಗಳು ಕೆರಳುತ್ತವೆ. ಸೂಜಿ ತಿರುಗಿಸಿದಾಗ ಚರ್ಮದಡಿಯ ಅಂಗಾಂಶದ ನಾರುಗಳು ಅದಕ್ಕೆ ಸುತ್ತಿಕೊಳ್ಳುತ್ತವೆ, ಶಾವಿಗೆ ಫೋರ್ಕಿಗೆ ಸುತ್ತಿಕೊಂಡ ಹಾಗೆ. ಅಮೆರಿಕದ ವರ್ಮಾಂಟ್‌ನಲ್ಲಿ ಹೆಲೆನ್ ಲಾಂಜೆವಿನ್ ಅವರ ತಂಡ ಇದನ್ನು ಪ್ರಯೋಗದಲ್ಲಿ ತೋರಿಸಿತು. ಎಳೆತದ ಸುದ್ದಿ ಕೈಯಿಂದ ಬೆನ್ನುಹುರಿಗೆ, ಅಲ್ಲಿಂದ ಮಿದುಳಿನ ನಡುಭಾಗದ ಥಲಾಮಸ್ ಎಂಬ ಜಂಕ್ಷನ್ನಿಗೆ, ಅಲ್ಲಿಂದ ಸ್ಪರ್ಶದ ನಕ್ಷೆ ಇರುವ ಮೇಲ್ಪದರಕ್ಕೆ ಹೋಗುತ್ತದೆ. ಚಿಕ್ಕಪ್ಪ "ಹ್ಞಾಂ" ಎಂದ ಆ ಜೋಮು, ಭಾರ ಇದೆಯಲ್ಲ, ಅದಕ್ಕೆ ಚೀನೀ ಭಾಷೆಯಲ್ಲಿ ದೇ-ಛಿ ಎನ್ನುತ್ತಾರೆ. ಅದು ಬಂದರೇನೇ ಚಿಕಿತ್ಸೆ ಹತ್ತಿತು ಎಂಬುದು ಅಲ್ಲಿನ ವೈದ್ಯರ ಹಳೆಯ ನಂಬಿಕೆ.

ಬಾಸ್ಟನ್‌ನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಕ್ಯಾಥಲೀನ್ ಹುಯಿ ಮತ್ತು ಜೊತೆಗಾರರು ಇದೇ ಹೆಗು ಬಿಂದುವಿಗೆ ಚುಚ್ಚಿ, ಆರೋಗ್ಯವಂತರ ಮಿದುಳನ್ನು ಸ್ಕ್ಯಾನ್ ಮಾಡಿ 2000ದಲ್ಲಿ ಫಲಿತಾಂಶ ಪ್ರಕಟಿಸಿದರು. ದೇ-ಛಿ ಅನುಭವ ಬಂದವರಲ್ಲಿ ಭಯ, ಭಾವನೆಗಳಿಗೆ ಸಂಬಂಧಿಸಿದ ಒಳಭಾಗಗಳ ಚಟುವಟಿಕೆ ತಗ್ಗಿತ್ತು. ಜೋಮಿನ ಬದಲು ಚುರುಕ್ ಎಂದು ನೋವಾದವರಲ್ಲಿ ತಗ್ಗುವ ಬದಲು ಏರಿತ್ತು. ಒಂದೇ ಸೂಜಿ, ಒಂದೇ ಜಾಗ. ಅನುಭವ ಬೇರೆಯಾದರೆ ಮಿದುಳಿನ ಚಿತ್ರವೂ ಬೇರೆ.

ಇನ್ನು ಒತ್ತುವರಿಯ ಮಾತು. ಕೈ, ಮುಖ ಮಿದುಳಿನಲ್ಲಿ ನೆರೆಹೊರೆ, ಹಾಗಾಗಿ ಕೈಗೆ ಚುಚ್ಚಿದರೆ ಮುಖದ ಹೊಲಕ್ಕೂ ಒಂದಿಷ್ಟು ನೀರು ಹರಿಯುತ್ತದೆ ಎಂಬ ವಿವರಣೆ ಕೇಳಲು ಚೆನ್ನಾಗಿದೆ. ಆದರೆ ಚಿಕ್ಕಪ್ಪನ ವಿಷಯವನ್ನೇ ತೆಗೆದುಕೊಳ್ಳಿ. ಸೋತಿದ್ದು ಎಡ ಮುಖ. ಅದರ ಹೊಲ ಇರುವುದು ಬಲ ಮಿದುಳಿನಲ್ಲಿ. ಚುಚ್ಚಿದ್ದು ಬಲಗೈಗೆ, ಏಕೆಂದರೆ ಎದುರು ಬದಿಯ ಹೆಗುವಿಗೆ ಚುಚ್ಚುವುದು ಅನೇಕರ ರೂಢಿ. ಬಲಗೈ ಸುದ್ದಿ ಮುಖ್ಯವಾಗಿ ಎಡ ಮಿದುಳಿಗೆ ಹೋಗುತ್ತದೆ. ಅಂದರೆ ನೀರು ಬಿಟ್ಟಿದ್ದು ಬೇರೆ ಊರಿನ ಕಾಲುವೆಗೆ! ಮಿದುಳಿನ ಎರಡೂ ಅರ್ಧಗಳು ಮಾತಾಡಿಕೊಳ್ಳುತ್ತವೆ ನಿಜ, ಸೂಜಿಯ ಸುದ್ದಿ ಎರಡೂ ಕಡೆ ಕಾಣುವುದೂ ಉಂಟು. ಆದರೂ ಇಷ್ಟು ಸಲೀಸಾಗಿ ಉತ್ತರ ಸಿಕ್ಕಿತು ಎಂದುಕೊಳ್ಳುವ ಹಾಗಿಲ್ಲ. ಇನ್ನೂ ಒಂದು ತಕರಾರು ಇದೆ. ಕೈ ಈಗಾಗಲೇ ಒತ್ತುವರಿ ಮಾಡಿಕೊಂಡಿದ್ದರೆ, ಎಡಗೈಗೇ ಚುಚ್ಚಿ ಅದನ್ನು ಇನ್ನಷ್ಟು ಚುರುಕು ಮಾಡುವುದು ಮುಖಕ್ಕೆ ಒಳ್ಳೆಯದೋ ಕೆಟ್ಟದ್ದೋ? ಎರಡೂ ಕಡೆ ವಾದ ಮಾಡಬಹುದು.

ಒಂದೇ ಫೇಸಿನ ಮನೆಗಳು

ಇಷ್ಟರ ಮೇಲೆ ಬೆಲ್ಸ್ ಪಾಲ್ಸಿ ಆದವರನ್ನೇ ಸ್ಕ್ಯಾನರ್‌ನಲ್ಲಿ ಮಲಗಿಸಿ, ಸೂಜಿ ಚುಚ್ಚಿ ನೋಡಿದವರಿದ್ದಾರೆ. ಚೀನಾದ ಅನ್ಹುಯಿ ಪ್ರಾಂತ್ಯದ ಹೆಫೆ ನಗರದ ಸಂಶೋಧಕರು.

ಅವರು ಬಳಸಿದ್ದು ಎಫ್‌ಎಂಆರ್‌ಐ. ಮಿದುಳಿನ ಯಾವ ಭಾಗ ಕೆಲಸ ಮಾಡುತ್ತದೋ ಅಲ್ಲಿಗೆ ಆಮ್ಲಜನಕ ತುಂಬಿದ ರಕ್ತ ಜಾಸ್ತಿ ನುಗ್ಗುತ್ತದೆ. ಆ ಏರಿಳಿತವನ್ನು ಯಂತ್ರ ಹಿಡಿಯುತ್ತದೆ. ನರಕೋಶದ ಮಾತನ್ನು ಅದು ನೇರವಾಗಿ ಕೇಳುವುದಿಲ್ಲ. ಅಡುಗೆಮನೆಗೆ ಎಷ್ಟು ಸಾಮಾನು ಹೋಯಿತು ಎಂದು ನೋಡಿ ಒಳಗೆ ಎಷ್ಟು ಅಡುಗೆ ನಡೆದಿದೆ ಎಂದು ಊಹಿಸಿದ ಹಾಗೆ.

ಎರಡು ಭಾಗಗಳ ಏರಿಳಿತ ಒಟ್ಟೊಟ್ಟಿಗೆ ನಡೆದರೆ ಅವುಗಳ ನಡುವೆ ಸಂಪರ್ಕ ಇದೆ ಎಂದು ಲೆಕ್ಕ ಹಾಕುತ್ತಾರೆ. ನಮ್ಮ ಬೀದಿಯಲ್ಲಿ ಕರೆಂಟ್ ಹೋದಾಗ ನೋಡಿ. ನಮ್ಮ ಮನೆ, ಎದುರು ಮನೆ, ಮೂಲೆ ಅಂಗಡಿ ಮೂರೂ ಒಟ್ಟಿಗೆ ಕತ್ತಲಾಗಿ ಒಟ್ಟಿಗೆ ಬೆಳಗಿದರೆ ಮೂರೂ ಒಂದೇ ಫೇಸಿನಲ್ಲಿವೆ ಎಂದು ತಂತಿ ನೋಡದೇ ಹೇಳಬಹುದು. ಯಾರಿಂದ ಯಾರಿಗೆ ಕರೆಂಟ್ ಹೋಗುತ್ತಿದೆ ಎಂದು ಮಾತ್ರ ಹೇಳಲು ಆಗುವುದಿಲ್ಲ.

ಹೆಫೆಯವರು ರೋಗಿಗಳನ್ನು ಕಾಯಿಲೆಯ ಹಂತದ ಪ್ರಕಾರ ಬೇರೆ ಮಾಡಿದರು. ಇತ್ತೀಚೆಗೆ ಮುಖ ಸೋತವರು, ಬಹಳ ದಿನವಾದರೂ ಸರಿಹೋಗದವರು, ವಾಸಿಯಾದವರು. ಹೋಲಿಸಲು ಆರೋಗ್ಯವಂತರು. 2013ರ ಅವರ ವರದಿಯಲ್ಲಿ ಕಂಡದ್ದು ಇದು: ಮೊದಲ ಹಂತದವರಲ್ಲಿ ಸೂಜಿಗೆ ಮಿದುಳಿನ ಪ್ರತಿಕ್ರಿಯೆ ಆರೋಗ್ಯವಂತರಿಗಿಂತ ಕಡಿಮೆ. ನಂತರದ ಹಂತದವರಲ್ಲಿ ಜಾಸ್ತಿ. ವಾಸಿಯಾದವರಲ್ಲಿ ಹೆಚ್ಚುಕಡಿಮೆ ಮಾಮೂಲಿ ಸ್ಥಿತಿಗೆ ವಾಪಸ್. 2014ರಲ್ಲಿ ಸ್ಪರ್ಶದ ನಕ್ಷೆ ಇರುವ ಮೇಲ್ಪದರವನ್ನೇ ಹಿಡಿದು ನೋಡಿದರು. ಸೂಜಿ ಚುಚ್ಚಿದ ಮೇಲೆ ಆ ಭಾಗಕ್ಕೂ ಮಿದುಳಿನ ಉಳಿದ ಭಾಗಗಳಿಗೂ ಇರುವ ಸಂಪರ್ಕ ಇನ್ನೂ ವಾಸಿಯಾಗದವರಲ್ಲಿ ಬದಲಾಯಿತು. ಆರೋಗ್ಯವಂತರಲ್ಲಿ, ಪೂರ್ತಿ ವಾಸಿಯಾದವರಲ್ಲಿ ಹೇಳಿಕೊಳ್ಳುವಂಥ ಬದಲಾವಣೆಯೇ ಇಲ್ಲ.

ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಕುತೂಹಲದ ಸಂಗತಿ ಇದೇ. ಸೂಜಿಗೆ ಅದರದ್ದೇ ಆದ ಒಂದು ನಿಗದಿತ ಪರಿಣಾಮ ಇದ್ದಿದ್ದರೆ ಯಾರಿಗೆ ಚುಚ್ಚಿದರೂ ಒಂದೇ ಚಿತ್ರ ಬರಬೇಕಿತ್ತು, ಸ್ವಿಚ್ ಹಾಕಿದರೆ ಬಲ್ಬ್ ಉರಿದ ಹಾಗೆ. ಹಾಗಾಗಲಿಲ್ಲ. ಸೂಜಿ ಬಂದಾಗ ಮಿದುಳು ಯಾವ ಸ್ಥಿತಿಯಲ್ಲಿತ್ತು ಎಂಬುದರ ಮೇಲೆ ಪರಿಣಾಮ ನಿಂತಿತ್ತು. ಲೆಕ್ಕ ತಪ್ಪಿ ಪುಸ್ತಕ ತಿದ್ದುತ್ತಾ ಕೂತ ಮಿದುಳಿಗೆ ಹೊಸ ಸುದ್ದಿ ಬಂದರೆ ಕಿವಿಗೊಡುತ್ತದೆ. ಲೆಕ್ಕ ಸರಿ ಇರುವ ಮಿದುಳು ಅದೇ ಸುದ್ದಿಯನ್ನು ಸುಮ್ನೆ ಬದಿಗಿಡುತ್ತದೆ. ಈ ಕೊನೆಯ ಎರಡು ವಾಕ್ಯ ನನ್ನ ಓದು, ಅವರ ತೀರ್ಮಾನ ಅಲ್ಲ. ಸೂಜಿಯ ಪರಿಣಾಮ ಮಿದುಳಿನ ಆಗಿನ ಸ್ಥಿತಿಯನ್ನು ಅವಲಂಬಿಸಿರಬಹುದು ಎಂಬಲ್ಲಿಗೆ ಅವರು ನಿಲ್ಲಿಸುತ್ತಾರೆ.

ಇದೇ ಕಾಯಿಲೆಯಲ್ಲಿ ಮಿದುಳಿನ ಮುಂಭಾಗದ ಒಳಮಡಿಕೆಯೊಂದರ ಸಂಪರ್ಕ, ಮುಖ ಸರಿಹೋಗುತ್ತಾ ಬಂದ ಹಾಗೆ ಹೆಚ್ಚುತ್ತಾ ಹೋಗುವುದನ್ನೂ 2015ರಲ್ಲಿ ವರದಿ ಮಾಡಿದ್ದಾರೆ. ತಪ್ಪಾದರೆ ಗಮನಿಸಿ ಎಚ್ಚರಿಸುವ ಜಾಗ ಅದು. ತಪ್ಪುತ್ತಿರುವ ಲೆಕ್ಕವನ್ನು ಅದು ಗಮನಿಸುತ್ತಿದೆ ಎಂದರೆ ಆಶ್ಚರ್ಯವಿಲ್ಲ.

ಬಣ್ಣದ ಚಿತ್ರ ನೋಡಿ ಮರುಳಾಗಬೇಡಿ

ಮಿದುಳಿನ ಸ್ಕ್ಯಾನ್ ಚಿತ್ರದಲ್ಲಿ ಕೆಂಪು, ಹಳದಿ ಹೊಳೆದರೆ ನಾವು ಏನು ಹೇಳಿದರೂ ನಂಬಿಬಿಡುತ್ತೇವೆ. ಅಕ್ಯುಪಂಕ್ಚರ್ ಲೋಕಕ್ಕೇ ಈ ವಿಷಯದಲ್ಲಿ ಒಮ್ಮೆ ಸುಟ್ಟುಕೊಂಡ ಅನುಭವ ಇದೆ. 1998ರಲ್ಲಿ ಝಡ್.ಎಚ್. ಚೋ ಮತ್ತು ಜೊತೆಗಾರರು ಅಮೆರಿಕದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಒಂದು ಲೇಖನ ಪ್ರಕಟಿಸಿದರು. ಕಾಲಿನ ಕಿರುಬೆರಳಿನ ಹತ್ತಿರ ಕಣ್ಣಿಗೆ ಸಂಬಂಧಪಟ್ಟದ್ದು ಎನ್ನುವ ಬಿಂದುವೊಂದಿದೆ. ಅಲ್ಲಿ ಚುಚ್ಚಿದರೆ ಮಿದುಳಿನ ದೃಷ್ಟಿಯ ಭಾಗವೇ ಚುರುಕಾಗುತ್ತದೆ ಎಂದರು. ದೊಡ್ಡ ಸುದ್ದಿಯಾಯಿತು. ಒಂದೊಂದು ಬಿಂದುವಿಗೂ ಮಿದುಳಿನಲ್ಲಿ ಒಂದೊಂದು ವಿಳಾಸ ಸಿಕ್ಕಿತು ಎಂದು ಜನ ಹಿಗ್ಗಿದರು. 2006ರಲ್ಲಿ ಲೇಖಕರಲ್ಲಿ ಹೆಚ್ಚಿನವರು ಅದನ್ನು ವಾಪಸ್ ತೆಗೆದುಕೊಂಡರು.

ಇನ್ನೊಂದು ತಮಾಷೆಯ ಪ್ರಕರಣ. 2009ರಲ್ಲಿ ಅಮೆರಿಕದ ಸಂಶೋಧಕರು ಸತ್ತ ಸಾಲ್ಮನ್ ಮೀನೊಂದನ್ನು ಸ್ಕ್ಯಾನರ್‌ನಲ್ಲಿಟ್ಟು, ಅದಕ್ಕೆ ಮನುಷ್ಯರ ಫೋಟೋ ತೋರಿಸಿದರು. ಲೆಕ್ಕವನ್ನು ಬಿಗಿಯಾಗಿ ಹಾಕದಿದ್ದರೆ ಸತ್ತ ಮೀನಿನ ಮಿದುಳಲ್ಲೂ ಚಟುವಟಿಕೆ ಕಾಣಿಸುತ್ತದೆ! ಹೆಫೆಯ ಅಧ್ಯಯನಗಳು ಆ ಥರ ಎಂದು ಹೇಳುತ್ತಿಲ್ಲ. ಆದರೆ ಇಂಥ ಅಧ್ಯಯನಗಳಲ್ಲಿ ಪಾಲ್ಗೊಂಡವರ ಸಂಖ್ಯೆ ಸಣ್ಣದು, ಬೇರೆ ದೇಶದ ತಂಡಗಳು ಅದನ್ನೇ ಮತ್ತೆ ಮಾಡಿ ನೋಡಿದ್ದು ಕಡಿಮೆ. ಇಷ್ಟು ನೆನಪಿಟ್ಟುಕೊಂಡು ಓದಬೇಕು.

ಮುಖ್ಯವಾಗಿ, ಮಿದುಳಿನಲ್ಲಿ ಏನೋ ಬದಲಾಯಿತು ಎನ್ನುವುದೂ ಮುಖ ನೇರವಾಯಿತು ಎನ್ನುವುದೂ ಬೇರೆ ಬೇರೆ. ಹಾಡು ಕೇಳಿದರೂ ಮಿದುಳು ಬದಲಾಗುತ್ತದೆ, ಹಸಿಮೆಣಸು ಕಚ್ಚಿದರೂ ಬದಲಾಗುತ್ತದೆ. ಮುಖದ ವಿಷಯಕ್ಕೆ ಮುಖವನ್ನೇ ಅಳೆದು ನೋಡಿದ ಪರೀಕ್ಷೆಗಳು ಬೇಕು.

ಅಂಥದ್ದೊಂದು ವುಹಾನ್‌ನ ತೊಂಗ್‌ಜಿ ಆಸ್ಪತ್ರೆಯ ವೈದ್ಯರ ಮುಂದಾಳತ್ವದಲ್ಲಿ ನಡೆದು, 2013ರಲ್ಲಿ ಕೆನಡಾ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂತು. 338 ರೋಗಿಗಳು. ಎಲ್ಲರಿಗೂ ಸ್ಟೀರಾಯ್ಡ್ ಮಾತ್ರೆ, ಎಲ್ಲರಿಗೂ ಸೂಜಿ. ವ್ಯತ್ಯಾಸ ಒಂದೇ: ಅರ್ಧ ಜನರಿಗೆ ಸೂಜಿ ತಿರುಗಿಸಿ, ಎತ್ತಿ ಇಳಿಸಿ, ಆ ಜೋಮು ಬರಿಸಿದರು. ಉಳಿದವರಿಗೆ ಚುಚ್ಚಿ ಹಾಗೇ ಬಿಟ್ಟರು. ಆರು ತಿಂಗಳಿಗೆ ನೋಡಿದರೆ ಜೋಮು ಬರಿಸಿದವರ ಮುಖ ಹೆಚ್ಚು ಚೆನ್ನಾಗಿ ಸರಿಹೋಗಿತ್ತು. ಸೂಜಿ ಪರವಾಗಿ ನಾನು ಓದಿದ್ದರಲ್ಲಿ ಗಟ್ಟಿ ಎನಿಸಿದ್ದು ಇದೊಂದೇ. ಆದರೆ ಗಮನಿಸಿ, ಸೂಜಿಯೇ ಇಲ್ಲದ ಗುಂಪು ಇದರಲ್ಲಿ ಇರಲಿಲ್ಲ. ತಿರುಗಿಸಿದರೆ ಒಳ್ಳೆಯದೋ ಸುಮ್ಮನೆ ಬಿಟ್ಟರೆ ಒಳ್ಳೆಯದೋ ಎಂಬ ಪ್ರಶ್ನೆಗೆ ಅದು ಉತ್ತರ. ಚುಚ್ಚಿಸಿಕೊಳ್ಳಬೇಕೋ ಬೇಡವೋ ಎಂಬುದಕ್ಕಲ್ಲ.

ಆ ಪ್ರಶ್ನೆ ಇಟ್ಟುಕೊಂಡು, ವೈದ್ಯಕೀಯ ಪರೀಕ್ಷೆಗಳನ್ನು ಕಲೆಹಾಕಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆ 2010ರಲ್ಲಿ ಆರು ಪರೀಕ್ಷೆಗಳನ್ನು, ಒಟ್ಟು 537 ರೋಗಿಗಳ ಮಾಹಿತಿಯನ್ನು ಒಟ್ಟಿಗೆ ನೋಡಿತು. ಪರೀಕ್ಷೆಗಳ ಗುಣಮಟ್ಟ ಸಾಲದು, ಇದರಿಂದ ಏನೂ ಹೇಳಲಾಗದು ಎಂದಿತು. ಅಮೆರಿಕದ ಕಿವಿ-ಮೂಗು-ಗಂಟಲು ತಜ್ಞರ ಸಂಘ 2013ರ ಮಾರ್ಗಸೂಚಿಯಲ್ಲಿ 72 ಗಂಟೆಯೊಳಗೆ ಸ್ಟೀರಾಯ್ಡ್ ಕೊಡಿ ಎಂದು ಗಟ್ಟಿಯಾಗಿ ಹೇಳಿ, ಅಕ್ಯುಪಂಕ್ಚರ್ ಬಗ್ಗೆ ಹೌದು ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ.

ಹಾಗಾದರೆ ಚಿಕ್ಕಪ್ಪನಿಗೆ ವಾಸಿಯಾಗಿದ್ದು ಯಾವುದರಿಂದ?

ಮೂರನೇ ತಿಂಗಳ ಕೊನೆಗೆ, ಒಂದು ದಿನ ಕಾಫಿ ಕುಡಿಯುವಾಗ ಲೋಟದ ಅಂಚಿಗೆ ಎಡ ತುಟಿಯೂ ಒತ್ತಿಕೊಂಡಿದ್ದು ಚಿಕ್ಕಮ್ಮನ ಕಣ್ಣಿಗೆ ಬಿತ್ತು. ಅಲ್ಲಿಂದ ದಿನದಿನಕ್ಕೆ ಸುಧಾರಿಸಿತು. ಮನೆಯವರೆಲ್ಲ ಸೂಜಿಗೆ ಕೈ ಮುಗಿದರು. ನಾನು ಬಾಯಿ ಮುಚ್ಚಿಕೊಂಡಿದ್ದೆ. ಈಗ ಹೇಳಬಹುದು.

ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಎರಿಕ್ ಪೈಟರ್ಸೆನ್ ಎಂಬ ವೈದ್ಯರು 1,701 ಬೆಲ್ಸ್ ಪಾಲ್ಸಿ ರೋಗಿಗಳನ್ನು ಯಾವ ಚಿಕಿತ್ಸೆಯೂ ಕೊಡದೆ ವರ್ಷಗಟ್ಟಲೆ ಗಮನಿಸಿ 2002ರಲ್ಲಿ ವರದಿ ಬರೆದರು. ಶೇ 71 ಮಂದಿಗೆ ಮುಖ ತಾನಾಗೇ ಪೂರ್ತಿ ಸರಿಹೋಗಿತ್ತು. ಶೇ 85 ಮಂದಿಗೆ ಮೂರು ವಾರದೊಳಗೇ ಅಲುಗಾಟ ಶುರುವಾಗಿತ್ತು. ಉಳಿದ ಶೇ 15 ಮಂದಿಗೆ ಶುರುವಾಗಿದ್ದು ಮೂರರಿಂದ ಐದು ತಿಂಗಳಿಗೆ. ಯಾಕೆ ಅಷ್ಟು ತಡ? ಬರೀ ಹಿಸುಕಿದ ನರ ಊತ ಇಳಿದ ಕೂಡಲೇ ಎಚ್ಚರವಾಗುತ್ತದೆ. ಎಳೆಗಳೇ ಸತ್ತಿದ್ದರೆ ಹೊಸದಾಗಿ ಬೆಳೆದು ಬರಬೇಕು. ಅದು ಬೆಳೆಯುವುದು ದಿನಕ್ಕೆ ಸುಮಾರು ಒಂದು ಮಿಲಿಮೀಟರ್. ಕಿವಿಯೊಳಗಿನ ಮೂಳೆಯಿಂದ ತುಟಿಯ ತನಕ ಸುಮಾರು 10 ಸೆಂಟಿಮೀಟರ್ ಎಂದರೆ ಎಷ್ಟು ದಿನ ಎಂದು ನೀವೇ ಲೆಕ್ಕ ಹಾಕಿ. ಚಿಕ್ಕಪ್ಪ ಆ ಕೊನೆಯ ಗುಂಪಿನವರು. ಸೂಜಿ ಹಾಕಿಸದಿದ್ದರೂ ಆ ಕಾಫಿ ಲೋಟದ ಬೆಳಗು ಹೆಚ್ಚುಕಡಿಮೆ ಅದೇ ಹೊತ್ತಿಗೆ ಬರುತ್ತಿತ್ತೇನೋ. ಸೂಜಿ ಒಂದಿಷ್ಟು ಸಹಾಯ ಮಾಡಿರಲೂಬಹುದು. ಒಬ್ಬರನ್ನು ನೋಡಿ ಹೇಳಲು ಬರುವುದಿಲ್ಲ.

ಹಾಗಂತ ಹೋಗಬೇಡಿ ಎನ್ನುವವನಲ್ಲ ನಾನು. ಮೊದಲ ಮೂರು ದಿನದೊಳಗೆ ಡಾಕ್ಟರ ಹತ್ತಿರ ಹೋಗಿ. ಸಕ್ಕರೆ ಕಾಯಿಲೆ ಇದ್ದರೆ ಹೇಳಿ, ಸ್ಟೀರಾಯ್ಡ್ ಸಕ್ಕರೆ ಏರಿಸುತ್ತದೆ. ಮುಚ್ಚದ ಕಣ್ಣಿಗೆ ಹಗಲು ಡ್ರಾಪ್ಸ್, ರಾತ್ರಿ ಟೇಪು ಮರೆಯಬೇಡಿ. ಮುಖ ಎಂದೋ ಸರಿಹೋಗುತ್ತದೆ, ಒಣಗಿ ಹುಣ್ಣಾದ ಕಣ್ಣು ಕಷ್ಟ. ಇಷ್ಟೆಲ್ಲ ಮಾಡಿದ ಮೇಲೆ ಸೂಜಿ ಹಾಕಿಸಿಕೊಳ್ಳಬೇಕು ಅನಿಸಿದರೆ ಕಲಿತವರ ಹತ್ತಿರ, ಒಮ್ಮೆ ಬಳಸಿ ಬಿಸಾಡುವ ಸೂಜಿಯಲ್ಲಿ ಹಾಕಿಸಿಕೊಳ್ಳಿ. ರಕ್ತ ತೆಳುವಾಗುವ ಮಾತ್ರೆ ತಿನ್ನುತ್ತಿದ್ದರೆ, ಗರ್ಭಿಣಿಯಾಗಿದ್ದರೆ ಮೊದಲೇ ಹೇಳಿ. ಗರ್ಭಿಣಿಯರಿಗೆ ಹೆಗು ಬಿಂದುವಿಗೆ ಚುಚ್ಚಬಾರದು ಎಂಬ ನಿಯಮ ಆ ಪದ್ಧತಿಯಲ್ಲೇ ಇದೆ. ಸೂಜಿಗೆ ಜೋರಾಗಿ ಕರೆಂಟ್ ಕೊಡುವುದರ ಬಗ್ಗೆ ನನಗೆ ಅಳುಕಿದೆ, ವೈದ್ಯರಲ್ಲೂ ಒಮ್ಮತ ಇಲ್ಲ. ಅದಕ್ಕೊಂದು ಕಾರಣವೂ ಇದೆ.

ಹೊಸದಾಗಿ ಬೆಳೆಯುವ ನರದ ಎಳೆಗಳಿಗೆ ದಾರಿ ತೋರಿಸುವವರಿಲ್ಲ. ತುಟಿಗೆ ಹೋಗಬೇಕಾದ ಎಳೆ ತಪ್ಪಿ ಕಣ್ಣಿನ ಸ್ನಾಯುವಿಗೆ ಸೇರಬಹುದು. ಆಗ ಮಿದುಳು ನಗು ಎಂದರೆ ಕಣ್ಣೂ ಮುಚ್ಚುತ್ತದೆ. ಬಾಯಿಗೆ ನೀರೂರಿಸಬೇಕಾದ ಎಳೆ ಕಣ್ಣೀರಿನ ಗ್ರಂಥಿಗೆ ಸೇರಿದರೆ ಊಟ ಮಾಡುವಾಗ ಕಣ್ಣೀರು ಸುರಿಯುತ್ತದೆ. ಇಂಥ ಅಡ್ಡದಾರಿಗೆ ಜೋರು ಕರೆಂಟ್ ಕುಮ್ಮಕ್ಕು ಕೊಡಬಹುದೇ ಎಂಬುದೇ ಆ ಅನುಮಾನ. ಇದಕ್ಕೆ ಫಿಸಿಯೋಥೆರಪಿಯವರು ಮಾಡಿಸುವುದು ಕನ್ನಡಿ ಮುಂದೆ ನಿಧಾನದ ಅಭ್ಯಾಸ. ಕಣ್ಣು ತೆರೆದೇ ಇಟ್ಟು, ತುಟಿಯನ್ನು ಸ್ವಲ್ಪ ಸ್ವಲ್ಪವೇ ಎಳೆಯುವುದು. ಚರ್ಮದಿಂದ ಸಿಗದ ಸುದ್ದಿಯನ್ನು ಮಿದುಳಿಗೆ ಕಣ್ಣಿನ ಮೂಲಕ ಕೊಡುವುದು.

ಚಿಕ್ಕಪ್ಪ ಈಗಲೂ ಬೆಳಿಗ್ಗೆ ಮುಕ್ಕಳಿಸಿ ಆದಮೇಲೆ ಹತ್ತು ನಿಮಿಷ ಕನ್ನಡಿ ಮುಂದೆ ನಿಲ್ಲುತ್ತಾರೆ. ಮುಖ ನೇರವಾಗಿದೆ. ಜೋರಾಗಿ ನಕ್ಕರೆ ಮಾತ್ರ ಎಡಗಣ್ಣು ಚೂರು ಕಿರಿದಾಗುತ್ತದೆ. ತಾತ ತಮಗೇ ಕಣ್ಣು ಹೊಡೆಯುತ್ತಿದ್ದಾರೆ ಎಂದುಕೊಂಡು ಮೊಮ್ಮಕ್ಕಳು ತಾವೂ ಒಂದು ಕಣ್ಣು ಮುಚ್ಚಿ ತೆಗೆಯುತ್ತಾರೆ.